ಹೀರುಮೇಜಿನಿಂದ ಇಳಿದ ಮಣೆಗಳು

ನಮ್ಮೂರಿನಲ್ಲಿ ಯಾವ ವಸ್ತುವೂ ಇಟ್ಟ ಕಡೆ ಇದ್ದೀತು ಅಂತ ನಂಬುವ ಹಾಗಿಲ್ಲ. ಅದರ ಮೇಲೆ ಯಾರಿಗೆ ಎಲ್ಲರಿಗಿಂತ ಹೆಚ್ಚು ಆಸೆಯೋ ಅವರ ಕಡೆಗೆ ಅದು ಜಾರಿಕೊಂಡು ಹೋಗುತ್ತದೆ. ಓಡುವುದಿಲ್ಲ, ಹಾರುವುದಿಲ್ಲ. ಮದುವೆ ಮನೆಯಿಂದ ಹೊರಟ ನೆಂಟರ ಹಾಗೆ ನಿಂತು, ನಿಧಾನಿಸಿ, ಆದರೆ ಖಂಡಿತ ಹೋಗುತ್ತದೆ. ಮೂಲೆಮನೆಯ ಉಪ್ಪಿನಕಾಯಿ ಜಾಡಿ ಬೀದಿ ದಾಟಿ ಎದುರುಮನೆ ಹೊಸಿಲಿಗೆ ಬಂದು ನಿಂತ ದಿನವೇ ಆ ಮನೆ ಸೊಸೆ ಬಸುರಿಯೆಂದು ಅವಳ ಗಂಡನಿಗೂ ತಿಳಿದದ್ದು. ಶಾಲೆಯ ಮೇಷ್ಟರ ಬೆತ್ತ ಮಾತ್ರ ಮೂವತ್ತು ವರ್ಷ ಇಟ್ಟ ಮೂಲೆಯಲ್ಲೇ ಇತ್ತು. ಅವರಿಗೂ ಅದರ ಮೇಲೆ ಆಸೆ ಇರಲಿಲ್ಲ ಅನ್ನುವುದು ಅವರು ತೀರಿಕೊಂಡ ಮೇಲೆ ಊರಿಗೆ ಹೊಳೆಯಿತು.

ಹೀಗಾಗಿ ಮಾನವಂತರ ಮನೆಗಳಲ್ಲೆಲ್ಲ ಹಿಡಿಹಲಗೆ ಇರುತ್ತದೆ. ಹಲಗೆಯಲ್ಲಿ ತೂತು, ತೂತಿನ ಕೆಳಗೆ ಗಾಳಿ ಹೀರಿ ಬಿರಡೆ ಹಾಕಿದ ಡಬ್ಬಿ. ಅದರ ಮೇಲಿಟ್ಟ ತಟ್ಟೆಯಾಗಲಿ ಲೋಟವಾಗಲಿ ಅಲ್ಲೇ ಕಚ್ಚಿಕೊಂಡಿರುತ್ತದೆ. ಬಿರಡೆ ಕಿತ್ತರೆ ಗಾಳಿ ‘ಉಸ್’ ಅಂತ ಒಳಗೆ ಹೋಗುತ್ತದೆ, ಹಿಡಿತ ಬಿಡುತ್ತದೆ. ನೆಂಟರು ಬಂದಾಗ ಹೋಳಿಗೆ ತಟ್ಟೆಯನ್ನು ಬರೀ ನೆಲದ ಮೇಲಿಟ್ಟು ನೋಡಿ. ಸಕ್ಕರೆ ಕಾಯಿಲೆಯ ಯಜಮಾನರು ಎಷ್ಟೇ ಗಂಭೀರವಾಗಿ ಸೂರು ನೋಡುತ್ತಾ ಕೂತಿದ್ದರೂ ತಟ್ಟೆ ಬಂದು ಅವರ ಮಂಡಿಗೆ ಮುತ್ತಿಡುತ್ತದೆ.

ನಾನು ಮರಗೆಲಸದವಳು. ಮೌನಮ್ಮ ಅಂತ ಹೆಸರು. ಮಾತು ಜಾಸ್ತಿ ಅಂತ ಊರಿನವರು ಹೇಳುತ್ತಾರೆ, ಇರಲಿ. ಮರ ಕೆತ್ತಬೇಕಾದರೆ ಅದು ಒಂದು ಕಡೆ ನಿಲ್ಲಬೇಕಲ್ಲ. ಇಲ್ಲಿಯ ಮರಕ್ಕೆ ಮೊಳೆ ಹೊಡೆದರೆ ಮೊಳೆಯನ್ನೂ ಹೊತ್ತುಕೊಂಡು ಹೊರಡುತ್ತದೆ, ಹಗ್ಗ ಕಟ್ಟಿದರೆ ಹಗ್ಗ ಕಡಿಯುತ್ತದೆ. ಅದು ಬಗ್ಗುವುದು ಹೀರುಮೇಜೊಂದಕ್ಕೇ. ಮೇಜಿನ ಮೈ ತುಂಬ ಶಾವಿಗೆ ಒತ್ತುವ ಬಿಲ್ಲೆಯ ಹಾಗೆ ತೂತು, ಕೆಳಗೆ ಒಂದು ತಿದಿ. ಕಮ್ಮಾರನ ತಿದಿ ಗಾಳಿ ಊದುತ್ತದೆ, ನಮ್ಮದು ಹೀರುತ್ತದೆ. ಹಲಗೆಯ ಅಂಚಿನ ಅಡಿಗೆ ರಬ್ಬರ್ ಹುರಿ ಕೂರಿಸಿ, ಹಲಗೆಗೆ ಸಿಗದ ತೂತುಗಳನ್ನೆಲ್ಲ ಬಿರಡೆ ಹಾಕಿ ಮುಚ್ಚಿ, ಬಲಗಾಲಲ್ಲಿ ತಿದಿ ತುಳಿಯುತ್ತಾ ಹೋದರೆ ಮರ ಮೇಜಿಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ಆನೆ ಎಳೆದರೂ ಬಾರದು. ಆದರೆ ತುಳಿಯುವುದು ನಿಂತರೆ ಹಿಡಿತವೂ ನಿಂತಿತು. ಮರದಲ್ಲಿ ಸಣ್ಣ ಗಂಟಿನ ಸಂದಿ ಇದ್ದರೂ ಸಾಕು, ‘ಸ್ಸ್’ ಅಂತ ಗಾಳಿ ಸೋರಿ, ಹಿಡಿತ ಎಷ್ಟಿದೆ ಅಂತ ತೋರಿಸುವ ಪಕ್ಕದ ಡಬ್ಬಿಯ ಮುಳ್ಳು ಇಳಿಯುತ್ತದೆ. ಆಗ ಉಳಿಯನ್ನು ಬಾಯಲ್ಲಿ ಕಚ್ಚಿಕೊಂಡು, ಕಾಲಲ್ಲಿ ತುಳಿಯುತ್ತಲೇ, ಸಂದಿಗೆ ಜೇನುಮೇಣ ಮೆತ್ತಬೇಕು. ಉಳಿಯನ್ನು ಕೆಳಗಿಟ್ಟರೆ ಅದೂ ಯಾರದೋ ಮನೆಗೆ ಹೊರಟುಬಿಟ್ಟೀತು.

ಎಡಗಾಲ ಮೇಲೆ ನಿಂತು ಬಲಗಾಲಲ್ಲಿ ತುಳಿಯುವ ಈ ಕೆಲಸಕ್ಕೆ ನಾನು ಬಂದು ಹತ್ತೊಂಬತ್ತು ವರ್ಷ. ನನ್ನ ಯಜಮಾನರು ತೀರಿಹೋದಾಗ ಮಗಳು ಇಂದುಮತಿಗೆ ಮೂರು ವರ್ಷ. ಮಗಳೂ ಮೇಜೂ ಒಂದೇ ದಿನ ನನ್ನ ಪಾಲಿಗೆ ಬಂದವು. ಅವಳಿಗೆ ಅಕ್ಷರ ಕಲಿಸಿದ್ದೂ ಆ ಮೇಜಿನ ಪಕ್ಕದಲ್ಲೇ, ತುಳಿತಕ್ಕೆ ಒಂದು ಅಕ್ಷರದಂತೆ.

ತಿದಿ ಹರಿದರೆ ಹೊಲಿಯಲು ಬರುವವನು ಭದ್ರ ಅಂತ, ಕೆಳಗಿನ ಬೀದಿಯ ಹುಡುಗ. ಹತ್ತು ವರ್ಷ ಬಾಳುವ ತೊಗಲು ಹೋದ ವರ್ಷ ಒಂದರಲ್ಲೇ ಹನ್ನೊಂದು ಸಲ ಹರಿಯಿತು. ಇಲಿ ಅಂದಳು ಮಗಳು ಇಂದು. ಇರಬಹುದು ಅಂದೆ. ಹನ್ನೆರಡನೆಯ ಸಲ ಇಲಿ ಕತ್ತರಿಯಿಂದ ನೀಟಾಗಿ ಕತ್ತರಿಸಿದ್ದನ್ನು ನೋಡಿ, ಇನ್ನು ತಿದಿ ಉಳಿಯಬೇಕಾದರೆ ಮದುವೆಯೇ ಆಗಬೇಕು ಅಂತ ಭದ್ರನ ಮನೆಗೆ ಹೋಗಿ ಕೇಳಿದೆ.

ಭದ್ರನ ತಾಯಿ ಸರ್ವಮಂಗಳಮ್ಮ ದೋಸೆ ಅಂಗಡಿಯವರು. ಇಪ್ಪತ್ತೈದು ವರ್ಷದಿಂದ ಕಾವಲಿಯ ಮುಂದೆ ನಿಂತವರು. ಅವರ ಯಜಮಾನರಿಗೂ ಅಂಗಡಿಯಲ್ಲಿ ಕೆಲಸವಿದೆ: ಬಾಗಿಲ ಬಳಿ ಕುರ್ಚಿಯಲ್ಲಿ ಕೂತು ಬಂದವರಿಗೆ ‘ಬನ್ನಿ’ ಅನ್ನುವುದು. ಮಂಗಳಮ್ಮನ ನಾಲಿಗೆ ಅವರ ದೋಸೆ ಮೊಗಚುವ ಕೈಯಷ್ಟೇ ಚುರುಕು. ನನ್ನ ಮಗಳಿಗೆ ಹಿಟ್ಟು ರುಬ್ಬಲು ಬರುತ್ತದೆಯೇ ಅಂತ ಕೇಳಿದರು. ಹರಿಯುವುದು ಚೆನ್ನಾಗಿ ಬರುತ್ತದೆ ಅಂದೆ. ಭದ್ರ ನೆಲ ನೋಡಿದ. ಅಂತೂ ಒಪ್ಪಿದರು. ಒಪ್ಪುವಾಗ ಒಂದು ಮಾತು ಹೇಳಿದರು, ಶಾಸ್ತ್ರ ಮಾತ್ರ ಚಾಚೂ ತಪ್ಪಬಾರದು, ಬಿಡಿಸುವ ಶಾಸ್ತ್ರದಲ್ಲಿ ಎಡವಟ್ಟಾದರೆ ಆ ಹೆಣ್ಣನ್ನು ತಾವು ತರುವುದಿಲ್ಲ ಅಂತ.

ಬಿಡಿಸುವ ಶಾಸ್ತ್ರ ಅಂದರೆ ಇದು. ಒಂದೇ ಮರದಿಂದ ಎರಡು ಹಸೆಮಣೆ ಮಾಡಿ, ಹಿಡಿಹಲಗೆಗೆ ಕಚ್ಚಿಸಿ, ಮದುವೆ ಅಂಗಳಕ್ಕೆ ತರುತ್ತಾರೆ. ಹೆಣ್ಣು ಒಂದು ಕಡೆ, ಗಂಡು ಒಂದು ಕಡೆ ನಿಲ್ಲುತ್ತಾರೆ. ಹಿರಿಯರು ಬಿರಡೆ ಕೀಳುತ್ತಾರೆ. ಮಣೆ ತಾನಾಗಿ ಜಾರಿ ಹೋಗಿ ಅವರ ಕಾಲು ಮುಟ್ಟಬೇಕು, ಅದೂ ಅಂಗಳದ ಕಲ್ಲುಕಟ್ಟೆಯಿಂದ ಬಿಸಿಲು ಇಳಿಯುವುದರೊಳಗೆ. ಮುಟ್ಟದಿದ್ದರೆ ಮದುವೆ ಇಲ್ಲ. ತಿಳಿದವರು ಇದನ್ನು ಮನಸ್ಸಿನ ಪರೀಕ್ಷೆ ಅನ್ನುತ್ತಾರೆ. ಮಣೆ ಮಾಡುವ ನಮಗೆ ಗೊತ್ತು, ಇದು ಕಾಲಿನ ಪರೀಕ್ಷೆ. ಹೆಣ್ಣುಗಂಡನ್ನು ಬೆಳಗಿನಿಂದ ಕೂರಲು ಬಿಡದೆ ನಿಲ್ಲಿಸಿ ಕಾಡುವುದೇ ಇದಕ್ಕೆ. ಆ ಹೊತ್ತಿಗೆ ಅವರಿಗೆ ಮಣೆಯೊಂದನ್ನು ಬಿಟ್ಟು ಲೋಕದಲ್ಲಿ ಬೇರೇನೂ ಬೇಡವಾಗಿರುತ್ತದೆ. ಇಷ್ಟು ವರ್ಷದಲ್ಲಿ ನಾನು ಮಾಡಿದ ಒಂದು ಮಣೆಯೂ ದಾರಿ ತಪ್ಪಿರಲಿಲ್ಲ. ಆದರೆ ಆ ಮದುವೆಗಳಿಗೆ ನಾನು ಹೋದದ್ದೂ ಇಲ್ಲ. ಮಣೆ ಕೊಟ್ಟು ಕಳಿಸಿ ಇನ್ನೊಬ್ಬರ ಹಲಗೆಯನ್ನು ಮೇಜಿಗೆ ಹತ್ತಿಸುತ್ತಿದ್ದೆ.

ಇಂದುವಿನ ಮಣೆಗೆ ಹಲಸಿನ ಮರ ಆರಿಸಿದೆ. ಒಂದರಲ್ಲಿ ಗಂಟು ಜಾಸ್ತಿ, ಹನ್ನೆರಡು ಕಡೆ ಗಾಳಿ ಸೋರಿತು. ಹನ್ನೆರಡಕ್ಕೂ ಮೇಣ ಮೆತ್ತಿ, ನಡುವೆ ತಾವರೆ, ಸುತ್ತ ಗಿಣಿಸಾಲು ಕೆತ್ತಿದೆ. ಗಿಣಿಗಳ ಕೊಕ್ಕು ಕೆತ್ತುವಾಗ ಇಂದು ಹಿಂದೆ ನಿಂತು, ಅವ್ವ, ಇವೆಲ್ಲ ಒಂದೇ ಸಲ ಮಾತಾಡ್ತಿರೋ ಹಾಗಿವೆ, ನಿನ್ನ ಹಾಗೆ ಅಂದಳು.

ಮದುವೆಯ ದಿನ ಮಧ್ಯಾಹ್ನ ಊರೆಲ್ಲ ಅಂಗಳದಲ್ಲಿ ಸೇರಿತ್ತು. ಬಾಡಿಗೆ ಕುರ್ಚಿಗಳನ್ನೆಲ್ಲ ಕಾಲಿಗೆ ರಬ್ಬರ್ ಬಟ್ಟಲು ಹಾಕಿ ನೆಲಕ್ಕೆ ಕಚ್ಚಿಸಿದ್ದರು, ಇಲ್ಲದಿದ್ದರೆ ಮುದುಕರು ಇದ್ದ ಕಡೆಗೇ ಎಲ್ಲವೂ ಹೋಗಿ ರಾಶಿ ಬೀಳುತ್ತವೆ. ಬೆಳಗಿನಿಂದ ನಿಂತಿದ್ದ ಇಂದು ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದಳು. ಎಲ್ಲ ಸರಿಯಾಗಿಯೇ ಇದೆ ಅಂದುಕೊಂಡೆ. ನಾನು ಅವಳಿಂದ ಹತ್ತು ಮಾರು ದೂರ, ಕಂಬದ ಪಕ್ಕದಲ್ಲಿ ನಿಂತಿದ್ದೆ. ಹಿರಿಯರಾದ ಈರಾಚಾರ್ರು ಮಂತ್ರ ಹೇಳಿ ಹೆಣ್ಣಿನ ಮಣೆಯ ಬಿರಡೆ ಕಿತ್ತರು.

ಉಸ್ ಅಂತು. ಮಣೆ ಹಲಗೆಯಿಂದ ಇಳಿಯಿತು. ಇಂದುವಿನ ಕಡೆಗೆ ಒಂದು ಗೇಣು ಹೋಯಿತು. ನಿಂತಿತು. ಏನೋ ನೆನಪಾದವರ ಹಾಗೆ ಮೂತಿ ತಿರುಗಿಸಿ, ರಂಗೋಲಿಯನ್ನು ಅಳಿಸಿಕೊಂಡು, ಎರಡು ಸಾಲು ಜನರ ಕಾಲ ಸಂದಿಯಲ್ಲಿ ನುಸುಳಿ, ಬಂದು ನನ್ನ ಹಿಮ್ಮಡಿಗೆ ತಾಕಿ ನಿಂತಿತು.

ಹಿಂದಿನ ಸಾಲಿನಿಂದ ಯಾರೋ ಕಿಸಕ್ಕೆಂದರು. ಅಷ್ಟೇ ಸಾಕಾಯಿತು. ಮೌನಮ್ಮನಿಗೆ ಮದುವೆ ಆಸೆಯಂತೆ ಅನ್ನುವುದು ಬಾಯಿಂದ ಬಾಯಿಗೆ ಅಡುಗೆಮನೆ ತಲುಪಿ, ಅಲ್ಲಿಂದ ವರನ ಹೆಸರು ಸಮೇತ ವಾಪಸು ಬಂತು. ಗಡಿಯಾರ ರಿಪೇರಿಯ ಶಂಕ್ರಾಚಾರಿ, ಹೆಂಡತಿ ತೀರಿ ಆರು ವರ್ಷವಾದವನು, ಪಾಪ, ಊಟಕ್ಕೆ ಬಂದಿದ್ದ. ನಾಲ್ಕು ಜನ ಅವನ ಕಡೆ ತಿರುಗಿ ನೋಡಿದ್ದೇ ತಡ, ಜೇಬಿನಿಂದ ಬಾಚಣಿಗೆ ತೆಗೆದ. ನಾನು ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದೆ. ಮಣೆಯೂ ಸರಿಯಿತು. ಕಂಬದ ಹಿಂದೆ ಹೋದೆ. ಅಲ್ಲಿಗೂ ಬಂತು. ನಾನೇ ಕೆತ್ತಿದ ಗಿಣಿಗಳು ಸಾಲಾಗಿ ನನ್ನ ಕಾಲ ಬುಡದಲ್ಲಿ ಕೂತು ನನ್ನನ್ನೇ ನೋಡುತ್ತಿದ್ದವು.

ಮಂಗಳಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದರು. “ಮಗಳ ಮಣೆಗೆ ಆಸೆಪಡೋ ತಾಯೀನ ನಾನು ಇವತ್ತೇ ನೋಡಿದ್ದು. ಈ ಸಂಬಂಧ ನಮಗೆ ಬ್ಯಾಡ ಕಣಪ್ಪ ಭದ್ರ, ನಡಿ.”

ಭದ್ರ ನಡೆಯಲಿಲ್ಲ. ಇಂದುವಿನ ಮುಖ ಬಿಳುಪೇರಿತ್ತು. ನನಗೆ ನೆಲ ಬಿರಿದು ನುಂಗಬಾರದೇ ಅನಿಸಿತು. ನೆಲಕ್ಕೆ ಆ ಆಸೆ ಇದ್ದಂತೆ ಕಾಣಲಿಲ್ಲ. ನನಗೆ ಮದುವೆಯ ಆಸೆ ಇಲ್ಲ ಅಂತ ಹೇಳಲು ಬಾಯಿ ತೆರೆದರೆ, ನಮ್ಮೂರಿನಲ್ಲಿ ಅಂಥ ಮಾತಿಗೆ ಬೆಲೆಯೇ ಇಲ್ಲ. ಹೋಳಿಗೆ ತಟ್ಟೆ ಮಂಡಿಗೆ ತಾಕಿದ ಮೇಲೆ ಯಾವ ಯಜಮಾನನ ಮಾತು ನಡೆದಿದೆ?

ಈರಾಚಾರ್ರು ಹಳಬರು, ಆತುರದವರಲ್ಲ. ಗಂಡಿನ ಮಣೆಯೊಂದು ಬಾಕಿ ಇದೆ, ಶಾಸ್ತ್ರ ಅರ್ಧಕ್ಕೆ ಬಿಟ್ಟು ಎದ್ದು ಹೋದರೆ ಊರಿಗೆ ಒಳ್ಳೆಯದಲ್ಲ ಅಂತ ಎರಡನೆಯ ಬಿರಡೆಯನ್ನೂ ಕಿತ್ತರು. ಆ ಮಣೆ ಭದ್ರನ ಕಡೆ ತಿರುಗಿಯೂ ನೋಡಲಿಲ್ಲ. ನೆಟ್ಟಗೆ ಮಂಗಳಮ್ಮನ ಕಾಲಿಗೆ ಬಂತು.

ಈಗ ಕಿಸಕ್ಕೆನ್ನಲೂ ಯಾರಿಗೂ ಧೈರ್ಯವಿಲ್ಲ. ಮಂಗಳಮ್ಮ ಅದನ್ನು ನೋಡದವರ ಹಾಗೆ ಅಡುಗೆಮನೆಗೆ ನಡೆದರು. ಮಣೆ ಹಿಂದೆ ಹೋಯಿತು. ಹಿತ್ತಿಲಿಂದ ಸುತ್ತಿಕೊಂಡು ಮುಂಬಾಗಿಲಲ್ಲಿ ಬಂದರು. ಮಣೆ ಅವರಿಗಿಂತ ಒಂದು ಹೆಜ್ಜೆ ಹಿಂದೆ, ಮೈಯೆಲ್ಲ ಬೂದಿ ಮೆತ್ತಿಕೊಂಡು ಬಂತು. ಅವರ ಯಜಮಾನರು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತಿದ್ದವರು, ಹೆಂಡತಿ ಒಳಗೆ ಕಾಲಿಟ್ಟದ್ದು ನೋಡಿ ಅಭ್ಯಾಸಬಲದಿಂದ ‘ಬನ್ನಿ’ ಅಂದರು. ಮಂಗಳಮ್ಮ ನೋಡಿದ ನೋಟಕ್ಕೆ ಯಜಮಾನರು ಮತ್ತೆ ಆ ದಿನವೆಲ್ಲ ‘ಬನ್ನಿ’ ಅನ್ನಲಿಲ್ಲ.

ಈರಾಚಾರ್ರು ತಲೆ ಕೆರೆದುಕೊಂಡರು. ಗಂಡ ಕಣ್ಣೆದುರಿಗಿರುವ ಹೆಂಗಸಿಗೆ ಎರಡನೇ ಮದುವೆ ಆಸೆ ಅನ್ನಲು ಅವರಿಗೂ ನಾಲಿಗೆ ಹೊರಳಲಿಲ್ಲ. ಕಟ್ಟೆಯ ಮೇಲೆ ಬಿಸಿಲು ಮೂರು ಗೇಣು ಉಳಿದಿತ್ತು.

ಆಗ ಇಂದು ನಿಂತ ಜಾಗ ಬಿಟ್ಟು ನನ್ನ ಬಳಿ ಬಂದಳು. ಶಾಸ್ತ್ರದ ನಡುವೆ ಹೆಣ್ಣು ಕದಲುವ ಹಾಗಿಲ್ಲ, ಆದರೂ ಬಂದಳು. ಮಣೆಯನ್ನು ನೋಡಿದಳು, ನನ್ನ ಎಡಗಾಲು ನೋಡಿದಳು. ಊದಿಕೊಂಡು ನರ ಉಬ್ಬಿದ ಕಾಲು ಅದು.

“ಅವ್ವ, ನೀನು ಕಡೇ ಸಲ ಕೂತಿದ್ದು ಯಾವಾಗ?”

ಇದೆಂಥ ಪ್ರಶ್ನೆ ಅಂತ ನಗಲು ಹೊರಟೆ. ಲೆಕ್ಕ ಹಾಕಿದೆ. ಊಟ ಮೇಜಿನ ಮುಂದೆ, ತುಳಿಯುತ್ತಾ. ತಲೆ ಬಾಚುವುದು ಮೇಜಿನ ಮುಂದೆ. ಕಾಫಿ ಒಲೆಯ ಮುಂದೆ, ಅದೂ ನಿಂತೇ. ಮಲಗುವುದು ಬೇರೆ, ಅದು ಬೀಳುವ ಲೆಕ್ಕ. ಕಡೆಗೆ ಹೇಳಿದೆ, “ಹೋದ ವರ್ಷ. ಹಲ್ಲು ಕೀಳಿಸೋಕೆ ಹೋಗಿದ್ದೆನಲ್ಲ, ಅವತ್ತು ಅವರು ಕುರ್ಚೀಲಿ ಕೂರಿಸಿದ್ರು.”

ನಗಿಸಲೆಂದೇ ಹೇಳಿದ್ದು. ಯಾರೂ ನಗಲಿಲ್ಲ. ಇಂದು ನನ್ನ ಹೆಗಲ ಮೇಲೆ ಎರಡೂ ಕೈಯಿಟ್ಟು ಒತ್ತಿದಳು, ತೊಗಲಿನ ತಿದಿಯನ್ನು ಅಮುಕುವ ಹಾಗೆ. ಈರಾಚಾರ್ರು ಹೆಣ್ಣಿನ ಮಣೆಯ ಮೇಲೆ ತಾಯಿ ಕೂರುವುದು ಯಾವ ಶಾಸ್ತ್ರದಲ್ಲೂ ಇಲ್ಲವಲ್ಲಮ್ಮ ಅಂದರು. ಕೂರಬಾರದು ಅಂತಲೂ ಇಲ್ಲವಲ್ಲ ಅಂದಳು ಇಂದು. ನಾನು ಕೂತೆ.

ಏನು ಹೇಳಲಿ. ಮಂಡಿ ಮಡಿಸುವಾಗ ಹಳೇ ಬಾಗಿಲಿನ ಹಾಗೆ ಸದ್ದು ಮಾಡಿತು. ಆಮೇಲೆ ಸೊಂಟದಿಂದ ಏನೋ ಒಂದು, ಬಿರಡೆ ಕಿತ್ತ ಹಾಗೆ, ‘ಉಸ್’ ಅಂತ ಹೊರಗೆ ಹೋಯಿತು. ನನ್ನ ಅಂಗಡಿಯಲ್ಲಿ ಎಲ್ಲವೂ ಬಿಗಿಯಾಗಿ ಕಚ್ಚಿಕೊಂಡೇ ಇರುತ್ತದೆ, ಯಾವುದು ಯಾರ ಕಡೆ ಹೊರಟಿದೆ ಅಂತ ಅಲ್ಲಿ ಗೊತ್ತಾಗುವುದೇ ಇಲ್ಲ. ನನಗೆ ಕೂರುವ ಆಸೆ ಇದೆ ಅನ್ನುವುದು ನನಗೇ ಗೊತ್ತಿರಲಿಲ್ಲ. ನಾನು ಕೆತ್ತಿದ ಹಲಸಿನ ಹಲಗೆ ಬಂದು ಹೇಳಬೇಕಾಯಿತು.

ಮಂಗಳಮ್ಮ ಮಾತ್ರ ಜಪ್ಪಯ್ಯ ಅಂದರೂ ಕೂರಲಿಲ್ಲ. ಮಣೆ ಅವರ ಕಾಲ ಬಳಿ ನಾಯಿಯ ಹಾಗೆ ಕಾದು ಬಿದ್ದಿತ್ತು. ಮುನ್ನೂರು ಜನಕ್ಕೆ ಊಟ ಬಡಿಸಬೇಕು, ಕೂತರೆ ಯಾರು ನೋಡುವವರು ಅಂತ ಗೊಣಗಿದರು. ಭದ್ರ ಹೆಗಲಿಗೆ ಟವೆಲು ಹಾಕಿಕೊಂಡು ಸಾರಿನ ಬಕೆಟ್ಟು ಎತ್ತಿಕೊಂಡ. ಇಂದು ಅನ್ನದ ಬುಟ್ಟಿ ತಗೊಂಡಳು. ಮದುವೆ ಹೆಣ್ಣುಗಂಡು ತಮ್ಮ ಮದುವೆಯ ಊಟ ತಾವೇ ಬಡಿಸಿದ್ದು ಅದೇ ಮೊದಲು. ಮಗನ ಕೈಲಿ ಸಾರು ಚೆಲ್ಲದೆ ಹೋಗುತ್ತಿರುವುದನ್ನು ಮಂಗಳಮ್ಮ ಒಂದು ಪಂಕ್ತಿ ಮುಗಿಯುವ ತನಕ ನೋಡಿದರು. ಆಮೇಲೆ, ಯಾರೂ ತಮ್ಮ ಕಡೆ ನೋಡುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು, ನನ್ನ ಪಕ್ಕಕ್ಕೆ ಬಂದು, ಹಿಂದೆಯೇ ಬಂದ ಮಣೆಯ ಮೇಲೆ ಕೂತರು. ಊರೆಲ್ಲ ನೋಡುತ್ತಿತ್ತು.

ಇಬ್ಬರೂ ಸ್ವಲ್ಪ ಹೊತ್ತು ಎದುರಿನ ಗೋಡೆ ನೋಡಿದೆವು.

“ನಿಮಗೂ ಮಂಡೀನಾ?” ಅಂದರು.

“ಎಡಗಡೇದು.”

“ನಂದು ಎರಡೂ.” ಸೋತವಳು ನೀನೇ ಅನ್ನುವ ಧ್ವನಿ. ಆಮೇಲೆ ಸೀರೆ ಸರಿಪಡಿಸಿಕೊಂಡು, “ಎಳ್ಳೆಣ್ಣೆ ಬಿಸಿ ಮಾಡಿ ಹಚ್ಚಿ. ಬೇವಿನೆಣ್ಣೆ ದಂಡ,” ಅಂದರು.

ಬಿಸಿಲು ಕಟ್ಟೆಯ ಮೇಲೆ ಎರಡು ಗೇಣಾಯಿತು, ಒಂದು ಗೇಣಾಯಿತು. ಮೂರನೆಯ ಪಂಕ್ತಿಗೆ ಬಡಿಸುವ ಹೊತ್ತಿಗೆ ಇಂದು ಕಂಬಕ್ಕೆ ಒರಗಿ ಒರಗಿ ನಡೆಯುತ್ತಿದ್ದಳು, ಭದ್ರ ಬಕೆಟ್ಟನ್ನು ನೆಲಕ್ಕಿಟ್ಟು ಎತ್ತುತ್ತಿದ್ದ. ಈರಾಚಾರ್ರು ಬಂದು, ಈಗ ಎದ್ದು ನೋಡಿ ಮೌನಮ್ಮ ಅಂದರು. ಅರ್ಧ ಎದ್ದೆ. ಮಣೆ ಅಲುಗಲಿಲ್ಲ. ಮತ್ತೆ ಕೂತೆ. ಮಂಡಿಯ ನೋವು ಇಳಿದಿತ್ತು, ಸೊಂಟ ಹಗುರವಾಗಿತ್ತು, ಇನ್ನೇನು ಬೇಕು ನಿನಗೆ ಅಂತ ನನ್ನನ್ನೇ ಬೈದುಕೊಂಡೆ. ಎದುರಿಗೆ ಇಂದು ಅನ್ನದ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಒಬ್ಬ ಮುದುಕನಿಗೆ ಇನ್ನೊಂದು ಹಿಡಿ ಹಾಕಿಸಿಕೊಳ್ಳಲು ಒತ್ತಾಯ ಮಾಡುತ್ತಿದ್ದಳು. ಹತ್ತೊಂಬತ್ತು ವರ್ಷ ಅವಳು ನನ್ನ ಬೆನ್ನ ಹಿಂದೆ ಬೆಳೆದವಳು. ನನ್ನ ಕಣ್ಣು ಉಳಿಯ ಮೊನೆಯಲ್ಲಿ, ಕಿವಿ ಗಾಳಿ ಸೋರುವ ಸದ್ದಿನಲ್ಲಿ. ಇಷ್ಟು ಹೊತ್ತು, ಇಷ್ಟು ನಿಧಾನವಾಗಿ, ಕೂತು, ಅವಳನ್ನು ನೋಡಿರಲಿಲ್ಲ. ನನ್ನನ್ನು ಮಣೆಗೆ ಹಿಡಿದಿದ್ದದ್ದು ಈಗ ಮಂಡಿಯಲ್ಲ. ಎದ್ದರೆ ಅವಳು ಹೋಗುತ್ತಾಳೆ.

ಮಂಗಳಮ್ಮ ಗೋಡೆ ನೋಡುತ್ತಲೇ ಹೇಳಿದರು, “ಕೆಳಗಿನ ಬೀದಿ ಕಣ್ರೀ, ಕಾಶಿ ಅಲ್ಲ. ದಿನಾ ಬೆಳಿಗ್ಗೆ ದೋಸೆಗೆ ಬನ್ನಿ.” ಸೆರಗಿನಿಂದ ಮುಖ ಒರೆಸಿಕೊಂಡು, “ಅಂಗಡೀಲಿ ಎರಡು ಕುರ್ಚಿ ಐತೆ. ಇನ್ನೊಂದರಲ್ಲಿ ಯಾರೂ ಕೂರಲ್ಲ,” ಅಂದರು.

ಬಿಸಿಲು ನಾಲ್ಕು ಬೆರಳು ಉಳಿದಿತ್ತು. ನಾನು ಎದ್ದು ನಿಂತೆ. ಮಣೆ ಮೆಲ್ಲಗೆ ಅಲುಗಿತು. ಮೂರು ಗೇಣು ಹೋಗಿ ನಿಂತು, ಹೋಗಲಾ ಅಂತ ಕೇಳುವ ಹಾಗೆ ನನ್ನ ಕಡೆ ತಿರುಗಿತು. “ಹೋಗವ್ವ,” ಅಂದೆ. ಮಣೆಗೆ ಹೇಳಿದೆನೋ ಯಾರಿಗೆ ಹೇಳಿದೆನೋ. ಅದು ಪಂಕ್ತಿಯ ಎಲೆಗಳ ನಡುವೆ ಜಾರಿಕೊಂಡು ಹೋಯಿತು. ಇಂದು ಮತ್ತು ಭದ್ರ ಖಾಲಿ ಬುಟ್ಟಿ, ಖಾಲಿ ಬಕೆಟ್ಟು ಹಿಡಿದು ಅಂಗಳದ ಕೊನೆಯಲ್ಲಿ ಒಂದೇ ಸಮ ದಣಿದು ನಿಂತಿದ್ದರು. ಮಣೆ ಇಬ್ಬರ ನಡುವೆ ಹೋಗಿ ನಿಂತಿತು. ಇತ್ತಲೂ ಇಲ್ಲ, ಅತ್ತಲೂ ಇಲ್ಲ. ಒಂದು ತುದಿ ಅವಳ ಕಾಲಿಗೆ, ಇನ್ನೊಂದು ತುದಿ ಅವನ ಕಾಲಿಗೆ ತಾಕಿತ್ತು.

ಹೀಗೂ ಆಗುತ್ತದೆಂದು ಯಾರೂ ಕಂಡಿರಲಿಲ್ಲ. ಎಲ್ಲರೂ ಈರಾಚಾರ್ರ ಮುಖ ನೋಡಿದರು. ಈರಾಚಾರ್ರು ಕಟ್ಟೆಯ ಮೇಲಿನ ಬಿಸಿಲು ನೋಡಿದರು, ಗಂಡಿನ ಮಣೆಯ ಮೇಲೆ ಕೂತಿದ್ದ ಮಂಗಳಮ್ಮನನ್ನು ನೋಡಿದರು. ಮಂಗಳಮ್ಮ ಏಳುವ ಲಕ್ಷಣವೇ ಇರಲಿಲ್ಲ, ಕಣ್ಣು ಅರ್ಧ ಮುಚ್ಚಿತ್ತು. ಶಾಸ್ತ್ರ ಹೇಳುವುದು ಮಣೆ ಕಾಲು ಮುಟ್ಟಬೇಕು ಅಂತ, ಎಷ್ಟು ಮಣೆ ಅಂತ ಅಲ್ಲ ಅಂದುಬಿಟ್ಟರು. ಇಂದು ಮತ್ತು ಭದ್ರ ಒಂದೇ ಮಣೆಯ ಮೇಲೆ ಮೈಗೆ ಮೈ ಒತ್ತಿಕೊಂಡು ಕೂತರು. ಇಕ್ಕಟ್ಟಾಯಿತು, ಅವರಿಗೇನೂ ತೊಂದರೆ ಕಾಣಲಿಲ್ಲ.

ನಾನು ಕಂಬದ ಬಳಿ ಹೋಗಿ ನಿಂತೆ, ಬಲಗಾಲು ತಾನಾಗಿ ನೆಲವನ್ನು ತುಳಿಯತೊಡಗಿತು. ಮಂಗಳಮ್ಮ ಕಣ್ಣು ತೆರೆಯದೆ ಮಣೆಯ ಮೇಲೆ ಅರ್ಧಕ್ಕೆ ಸರಿದು ಪಕ್ಕದ ಜಾಗವನ್ನು ಕೈಯಲ್ಲಿ ತಟ್ಟಿದರು. ಈರಾಚಾರ್ರು ತಾಳಿ ಎತ್ತಿಕೊಟ್ಟರು. ನನ್ನ ಮಗಳ ಮದುವೆಯನ್ನು ನಾನು ಕೂತುಕೊಂಡು ನೋಡಿದೆ.